ಚಾಸಿಗೆ ಹತ್ತುವ ತುಕ್ಕು

ಅನೇಕ ಮೋಟಾರು ವಾಹನಗಳಲ್ಲಿ ಹೊರಮೈ ಎಷ್ಟೇ ಉಜ್ಜ್ವಲವಾಗಿ ಹೊಳೆಯುತ್ತಿದ್ದರೂ, ಎಂಜಿನ್ನು, ಸರಕು, ಪ್ರಯಾಣಿಕರು ಇವೆಲ್ಲವುಗಳ ಭಾರವನ್ನು ಹೊರತಕ್ಕದ್ದು ಕಣ್ಣಿಗೆ ಬೀಳದೆ ಅಡಿಯಲ್ಲಿರುವ ಉಕ್ಕಿನ ಚೌಕಟ್ಟು, ಅರ್ಥಾತ್ ಚಾಸಿ. ಕಬ್ಬಿಣವು ನೀರು ಹಾಗೂ ಆಮ್ಲಜನಕಗಳ ಸಂಸರ್ಗದಿಂದ ತುಕ್ಕಾಗುವುದು ಪ್ರಕೃತಿನಿಯಮ. ಆ ನೀರಿನಲ್ಲಿ ಉಪ್ಪು ಬೆರೆತಿದ್ದರೆ ವಿದ್ಯುದ್ವಾಹಕತೆ ಹೆಚ್ಚಿ, ಕ್ರಿಯೆಯು ಬಹು ಶೀಘ್ರವಾಗಿ ನಡೆಯುತ್ತದೆ. ತುಕ್ಕು ತಾನು ನುಂಗಿದ ಕಬ್ಬಿಣಕ್ಕಿಂತ ಅಧಿಕ ಸ್ಥಳವನ್ನು ಆಕ್ರಮಿಸುವುದರಿಂದ, ಪದರಪದರವಾಗಿ ಎದ್ದು ಉದುರಿ, ಒಳಗಣ ಲೋಹವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ.

ಇದರ ಪ್ರಸಿದ್ಧ ನಿದರ್ಶನ ಅಮೆರಿಕದ್ದು. ಹಿಮವನ್ನು ಕರಗಿಸಲೆಂದು ಚಳಿಗಾಲದಲ್ಲಿ ರಸ್ತೆಗಳಿಗೆ ಉಪ್ಪನ್ನೆರಚುವ ಪ್ರಾಂತಗಳಲ್ಲಿ, ಟೊಯೋಟಾ ಕಂಪೆನಿಯ ಟಕೋಮಾ ಪಿಕಪ್ ವಾಹನಗಳ ಚಾಸಿಗಳು ತೂತುಬೀಳುವಷ್ಟು ಸವೆದುವೆಂಬ ದೂರುಗಳು ಹೆಚ್ಚಲು, ಕಂಪೆನಿಯು 1995ರಿಂದ 2000ದವರೆಗಿನ ಮಾದರಿಗಳಿಗೆ 2008ರಲ್ಲಿ 15 ವರ್ಷಗಳ ಖಾತರಿಯನ್ನು ಘೋಷಿಸಿತು. ಮುಂದಿನ ಮಾದರಿಗಳನ್ನೂ ಟಂಡ್ರಾ, ಸೆಕ್ವೊಯಾ ವಾಹನಗಳನ್ನೂ ಕುರಿತು ಹೂಡಲ್ಪಟ್ಟ ವ್ಯಾಜ್ಯದಲ್ಲಿ, ತಪ್ಪನ್ನೊಪ್ಪದೆಯೇ, ಸುಮಾರು 15 ಲಕ್ಷ ವಾಹನಗಳ ಪರೀಕ್ಷೆಗೂ ಅವಶ್ಯವಾದಲ್ಲಿ ಚಾಸಿಯ ಬದಲಾವಣೆಗೂ 2016ರಲ್ಲಿ ರಾಜಿಯ ಮೂಲಕ ಸಮ್ಮತಿಸಿತು.

ಚಾಸಿಯ ಪೆಟ್ಟಿಗೆಯಾಕಾರದ ತೊಲೆಗಳೊಳಗೆ ಕೆಸರು ಸೇರಿ, ನೀರು ಬಸಿಯುವ ರಂಧ್ರಗಳು ಮುಚ್ಚಿಹೋದರೆ, ತುಕ್ಕು ಒಳಗಿನಿಂದಲೇ ಬೆಳೆದು, ಹೊರಗೆ ಕಾಣುವ ವೇಳೆಗೆ ಅನರ್ಥ ಸಂಭವಿಸಿರುತ್ತದೆ. ಉಪ್ಪುಗಾಳಿ ಬೀಸುವ ನಮ್ಮ ಕರಾವಳಿಯಲ್ಲೂ ಈ ಭಯವುಂಟು. ಆದುದರಿಂದ ಹಳೆಯ ವಾಹನವನ್ನು ಕೊಳ್ಳುವವರು, ಅಡಿಗೆ ಹೊಸದಾಗಿ ಬಳಿದ ಕಪ್ಪು ಬಣ್ಣವನ್ನು ನಂಬದೆ, ವಾಹನವನ್ನು ಎತ್ತಿಸಿ, ಚಾಸಿಯನ್ನು ಸುತ್ತಿಗೆಯಿಂದ ಮೆಲ್ಲನೆ ತಟ್ಟಿಸಿ ನೋಡಬೇಕು. ಗಟ್ಟಿ ಉಕ್ಕು ಖಣಿಲೆನ್ನುತ್ತದೆ, ಸವೆದುದು ಮಂದವಾಗಿ ಸದ್ದುಮಾಡುತ್ತದೆ. ಇರುವ ವಾಹನವನ್ನು ಮಳೆಗಾಲ ಕಳೆದೊಡನೆ ಅಡಿಯಿಂದ ತೊಳೆಸಿ, ಒಣಗಿಸಿ, ರಕ್ಷಣಾಲೇಪನ ಮಾಡಿಸುವುದೇ ವಿವೇಕ.