ಬಾಯಿ ತೆರೆಯದಾಗ: ಅಡಿಕೆ, ಹೊಗೆಸೊಪ್ಪು ಮತ್ತು ಕಿವಿ-ಗಂಟಲುಗಳ ಶಸ್ತ್ರಚಿಕಿತ್ಸೆ

ಕಿವಿ ನೋವೆಂದು ಬಂದ ರೋಗಿಗೆ ಕಿವಿ-ಮೂಗು-ಗಂಟಲಿನ ತಜ್ಞರು ಮೊದಲು ಬಾಯಿ ತೆರೆಯಲು ಹೇಳುವುದುಂಟು. ರೋಗಿಗೆ ಇದು ವಿಚಿತ್ರವಾಗಿ ತೋರಬಹುದು. ಆದರೆ ಕಿವಿ, ಗಂಟಲು, ನಾಲಗೆ, ದವಡೆಗಳು ಒಂದೇ ಮನೆಯ ಕೋಣೆಗಳಿದ್ದಂತೆ. ನಾಲಗೆಯ ಬುಡ, ಟಾನ್ಸಿಲ್ ಮತ್ತು ಧ್ವನಿಪೆಟ್ಟಿಗೆಗಳಿಂದ ನೋವಿನ ಸಂವೇದನೆಯನ್ನು ಒಯ್ಯುವ ನರಗಳದೇ ಕವಲುಗಳು ಕಿವಿಗೂ ಹೋಗಿವೆ. ಆದುದರಿಂದ ಗಂಟಲಿನಲ್ಲಿ ಹುಟ್ಟಿದ ನೋವು ಕಿವಿಯಲ್ಲಿ ಕಾಣಿಸಿಕೊಳ್ಳುತ್ತದೆ. ಕಿವಿಯ ಒಳಗೆ ಯಾವ ದೋಷವೂ ಇಲ್ಲದೆ ಕಿವಿ ನೋಯುತ್ತಿದ್ದರೆ, ಅದರಲ್ಲಿಯೂ ಅಡಿಕೆ, ಹೊಗೆಸೊಪ್ಪು ಜಗಿಯುವ ಅಭ್ಯಾಸವುಳ್ಳವರಲ್ಲಿ, ಬಾಯಿ ಮತ್ತು ಗಂಟಲನ್ನು ಪರೀಕ್ಷಿಸದೆ ಬಿಡುವಂತಿಲ್ಲ.

ಗುಜರಾತಿನ ಅಹಮದಾಬಾದ್, ವಡೋದರಾ ಮತ್ತು ಸೂರತ್ ನಗರಗಳಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಅಹಮದಾಬಾದಿನ ಅಸಾರ್ವಾದಲ್ಲಿ ಸಿವಿಲ್ ಆಸ್ಪತ್ರೆಯ ಆವರಣದಲ್ಲಿರುವ ಗುಜರಾತ್ ಕ್ಯಾನ್ಸರ್ ಮತ್ತು ಸಂಶೋಧನಾ ಸಂಸ್ಥೆಯು 1972ರಲ್ಲಿ ಸ್ಥಾಪನೆಯಾಯಿತು. ಆ ನಗರದ ಕ್ಯಾನ್ಸರ್ ನೋಂದಣಿಯಲ್ಲಿ ಗಂಡಸರಿಗೆ ತಗಲುವ ಕ್ಯಾನ್ಸರ್‌ಗಳ ಪೈಕಿ ಬಾಯಿಯ ಕ್ಯಾನ್ಸರ್ ಮುಂಚೂಣಿಯಲ್ಲಿದೆ. ವಡೋದರಾದ ಸರ್ ಸಯ್ಯಾಜಿರಾವ್ ಆಸ್ಪತ್ರೆಗೂ ಸೂರತ್ತಿನ ಹೊಸ ಸಿವಿಲ್ ಆಸ್ಪತ್ರೆಗೂ ಬರುವ ಕಿವಿ-ಗಂಟಲಿನ ರೋಗಿಗಳಲ್ಲಿ ಬಾಯಿ ಸರಿಯಾಗಿ ತೆರೆಯಲಾಗದವರು ಅಪರೂಪದವರಲ್ಲ.

ಕನ್ನಡಿಗರಿಗೆ ಇದು ದೂರದ ಊರಿನ ಸುದ್ದಿಯಲ್ಲ. ದಕ್ಷಿಣ ಕನ್ನಡ, ಕಾಸರಗೋಡು, ಉತ್ತರ ಕನ್ನಡಗಳ ಅಂಗಳದಲ್ಲಿ ಒಣಗುವ ಚಾಲಿ ಅಡಿಕೆಗೆ ಗುಜರಾತ್ ಬಹುಕಾಲದಿಂದ ದೊಡ್ಡ ಮಾರುಕಟ್ಟೆಯಾಗಿದೆ. 1973ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಕ್ಯಾಂಪ್ಕೋ ಸಹಕಾರ ಸಂಸ್ಥೆಯ ವ್ಯವಹಾರಕ್ಕೂ ಆ ರಾಜ್ಯಕ್ಕೂ ಹಳೆಯ ನಂಟು. ಅತ್ತ ಅಹಮದಾಬಾದಿಗೂ ವಡೋದರಾಕ್ಕೂ ನಡುವಣ ಚರೋತರ್ ಪ್ರದೇಶವು ಹೊಗೆಸೊಪ್ಪಿನ ಬೆಳೆಗೆ ಹೆಸರಾದುದು. ನಮ್ಮ ಅಡಿಕೆ ಮತ್ತು ಅಲ್ಲಿಯ ಹೊಗೆಸೊಪ್ಪು ಸೇರುವುದು 'ಮಾವಾ' ಎಂಬ ಪೊಟ್ಟಣದಲ್ಲಿ. ಐದಾರು ಗ್ರಾಂನಷ್ಟು ಅಡಿಕೆ ಚೂರು, ಚಿಟಿಕೆ ಹೊಗೆಸೊಪ್ಪು, ಕೆಲವು ತೊಟ್ಟು ಸುಣ್ಣದ ನೀರು. ಇವನ್ನು ತೆಳುವಾದ ಪ್ಲಾಸ್ಟಿಕ್ ಹಾಳೆಯಲ್ಲಿ ಕಟ್ಟಿ ಅಂಗೈಯಲ್ಲಿ ಉಜ್ಜಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಊಟದ ಬಳಿಕ ಮನೆಮಂದಿ ಕುಳಿತು ಹಾಕುವ ಒಂದು ಕವಳಕ್ಕೂ, ಕೆಲಸದ ನಡುವೆ ಗಂಟೆಗಟ್ಟಲೆ ಕೆನ್ನೆಯಲ್ಲಿ ಇಟ್ಟುಕೊಳ್ಳುವ ಈ ಪೊಟ್ಟಣಕ್ಕೂ ಪ್ರಮಾಣದಲ್ಲಿ ಬಹಳ ಅಂತರವಿದೆ.

ನಾರುಗಟ್ಟುವ ಕೆನ್ನೆ

ಅಡಿಕೆಯ ಸತ್ತ್ವಗಳು ಬಾಯಿಯ ಲೋಳೆಪೊರೆಯ ಅಡಿಯಲ್ಲಿರುವ ಜೀವಕೋಶಗಳನ್ನು ಕೆರಳಿಸಿ ನಾರಿನ ಅಂಶವನ್ನು ಅತಿಯಾಗಿ ಉತ್ಪಾದಿಸುವಂತೆ ಮಾಡುತ್ತವೆ. ಮೊದಲಿಗೆ ಖಾರ ತಗಲಿದರೆ ಬಾಯಿ ಉರಿಯುತ್ತದೆ. ಅನಂತರ ಕೆನ್ನೆಯ ಒಳಭಾಗ ಬಿಳಿಚಿಕೊಂಡು, ಬೆರಳಿನಿಂದ ಮುಟ್ಟಿದರೆ ಹಗ್ಗದ ಎಳೆಗಳಂತೆ ಬಿಗಿಯಾಗಿರುವುದು ಗೊತ್ತಾಗುತ್ತದೆ. ವರ್ಷಗಳು ಕಳೆದಂತೆ ಬಾಯಿಯ ತೆರವು ಕಿರಿದಾಗಿ, ಕೊನೆಗೆ ತುತ್ತು ಹೋಗುವುದೇ ಕಷ್ಟವಾಗುತ್ತದೆ. ಪೂರ್ವ ಆಫ್ರಿಕಾದಲ್ಲಿ ನೆಲೆಸಿದ್ದ ಐವರು ಭಾರತೀಯ ಮೂಲದ ಸ್ತ್ರೀಯರಲ್ಲಿ ಈ ಸ್ಥಿತಿಯನ್ನು 1952ರಲ್ಲಿ ಮೊದಲು ವರ್ಣಿಸಲಾಯಿತು. ಗುಜರಾತಿನ ಭಾವನಗರದಲ್ಲಿ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ರೋಗವಿದ್ದ 60 ಮಂದಿಯ ಪೈಕಿ ಶೇಕಡಾ 98ರಷ್ಟು ಜನ ಯಾವುದಾದರೊಂದು ರೂಪದಲ್ಲಿ ಅಡಿಕೆ ಜಗಿಯುವವರಾಗಿದ್ದರು. ಹೋಲಿಕೆಗಾಗಿ ಆರಿಸಿಕೊಂಡ ರೋಗವಿಲ್ಲದವರಲ್ಲಿ ಅಂಥವರು ಶೇಕಡಾ 35 ಮಾತ್ರ.

ಈ ನಾರು ಅಂಗುಳಿನ ಸ್ನಾಯುಗಳಿಗೂ ಹಬ್ಬುತ್ತದೆ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಗಾಳಿಯನ್ನು ಒಯ್ಯುವ ಸಣ್ಣ ನಾಳವೊಂದಿದೆ. ನಾವು ಉಗುಳು ನುಂಗಿದಾಗಲೆಲ್ಲ ಅದರ ಬಾಯಿಯನ್ನು ತೆರೆಯುವವು ಈ ಅಂಗುಳಿನ ಸ್ನಾಯುಗಳೇ. ಅವು ಬಿಗಿದುಕೊಂಡರೆ ನಡುಗಿವಿಗೆ ಗಾಳಿ ಸರಿಯಾಗಿ ಸೇರದೆ, ಕಿವಿ ಮುಚ್ಚಿದಂತಾಗುವುದು, ಮಂದ ಕೇಳಿಸುವುದು, ನೋವು ಮುಂತಾದ ತೊಂದರೆಗಳು ತಲೆದೋರಬಹುದು. ಇಂಥ ರೋಗಿಗೆ ಕಿವಿಯ ಹನಿಮದ್ದಿನಿಂದ ಯಾವ ಪ್ರಯೋಜನವೂ ಇಲ್ಲ.

ಹೆಚ್ಚಿನ ಅಪಾಯವಿರುವುದು ಮುಂದೆ. ನಾರುಗಟ್ಟಿದ ಬಾಯಿಯಲ್ಲಿ ಕ್ಯಾನ್ಸರ್ ಹುಟ್ಟುವ ಸಂಭವ ಹೆಚ್ಚು. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ 17 ವರ್ಷಗಳವರೆಗೆ ಗಮನಿಸಲಾದ 66 ರೋಗಿಗಳ ಪೈಕಿ ಶೇಕಡಾ 7.6ರಷ್ಟು ಜನರಿಗೆ ಕ್ಯಾನ್ಸರ್ ತಗಲಿತು. ಹೊಗೆಸೊಪ್ಪು ಇಲ್ಲದ ಬರಿಯ ಅಡಿಕೆಯಿಂದ ಬಾಧಕವಿಲ್ಲವೆಂಬ ಅಭಿಪ್ರಾಯ ನಮ್ಮಲ್ಲಿ ಬೇರೂರಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಅಡಿಕೆಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. ತಾಂಬೂಲಕ್ಕೆ ನಮ್ಮ ಮಂಗಳಕಾರ್ಯಗಳಲ್ಲಿರುವ ಸ್ಥಾನವನ್ನಾಗಲಿ, ಅಡಿಕೆಯನ್ನೇ ನಂಬಿದ ಸಾವಿರಾರು ಕುಟುಂಬಗಳ ಶ್ರಮವನ್ನಾಗಲಿ ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ದಿನವಿಡೀ ಜಗಿಯುವವನಿಂದ ಈ ಸಂಗತಿಯನ್ನು ಮರೆಮಾಚುವುದು ನ್ಯಾಯವಾಗಲಾರದು.

ರೋಗ ನಿರ್ಣಯ

ಮೊದಲ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ತನ್ನದೇ ಕೈಯ ನಡುವಣ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಲು ವಯಸ್ಕನಿಗೆ ಸಾಧ್ಯವಾಗಬೇಕು. ಎರಡೇ ಬೆರಳು ಹಿಡಿಸಿದರೆ ವೈದ್ಯರನ್ನು ಕಾಣಬೇಕು. ವೈದ್ಯರು ಈ ಅಂತರವನ್ನು ಮಿಲಿಮೀಟರುಗಳಲ್ಲಿ ಅಳೆದು ಬರೆದಿಡುತ್ತಾರೆ. ಮುಂದಿನ ಭೇಟಿಗಳಲ್ಲಿ ರೋಗ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಲು ಇದೇ ಆಧಾರ.

ಎರಡು ಮೂರು ವಾರ ಕಳೆದರೂ ಮಾಯದ ಹುಣ್ಣು, ಒರಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಮೂರು ವಾರಕ್ಕೂ ಮೀರಿದ ಒಡಕು ಧ್ವನಿ, ಕತ್ತಿನಲ್ಲಿ ನೋವಿಲ್ಲದ ಗಂಟು: ಇವುಗಳಲ್ಲಿ ಯಾವುದಿದ್ದರೂ ತಜ್ಞರ ಪರೀಕ್ಷೆ ಅಗತ್ಯ. ನೋವಿಲ್ಲವೆಂದು ಸುಮ್ಮನಿರುವುದೇ ದೊಡ್ಡ ತಪ್ಪು. ಆರಂಭದ ಕ್ಯಾನ್ಸರ್ ಅನೇಕ ವೇಳೆ ನೋಯುವುದಿಲ್ಲ.

ಗಂಟಲಿನ ಆಳವನ್ನು ಕಣ್ಣಾರೆ ಕಾಣುವ ವಿದ್ಯೆಯ ಇತಿಹಾಸ ಸ್ವಾರಸ್ಯಕರವಾದುದು. 1854ರಲ್ಲಿ ಮ್ಯಾನ್ಯುಯೆಲ್ ಗಾರ್ಸಿಯಾ ಎಂಬ ಸಂಗೀತ ಶಿಕ್ಷಕರು ಸಣ್ಣ ಕನ್ನಡಿಯೊಂದನ್ನು ಗಂಟಲಿನಲ್ಲಿಟ್ಟು, ಬಿಸಿಲಿನ ಬೆಳಕಿನಲ್ಲಿ ತಮ್ಮದೇ ಧ್ವನಿತಂತುಗಳ ಚಲನೆಯನ್ನು ನೋಡಿದರು. ಇಂದು ಮೂಗಿನ ಮೂಲಕ ಇಳಿಸುವ ತೆಳ್ಳನೆಯ ಎಂಡೋಸ್ಕೋಪಿನಿಂದ ಆ ಕೆಲಸ ಕೆಲವೇ ನಿಮಿಷಗಳಲ್ಲಿ ಆಗುತ್ತದೆ. ಬಾಯಿ ತೆರೆಯಲಾಗದ ರೋಗಿಗೆ ಈ ದಾರಿ ಅತ್ಯಂತ ಉಪಯುಕ್ತ.

ಅನುಮಾನವಿರುವ ಜಾಗದಿಂದ ಚಿಕ್ಕ ಚೂರು ತೆಗೆದು ಸೂಕ್ಷ್ಮದರ್ಶಕದಡಿ ನೋಡುವ ಬಯಾಪ್ಸಿಯೇ ಅಂತಿಮ ನಿರ್ಣಯ. ಕತ್ತಿನ ಗಂಟಿಗಾದರೆ ಸೂಜಿಯಿಂದ ಜೀವಕೋಶಗಳನ್ನು ಹೀರಿ ಪರೀಕ್ಷಿಸುತ್ತಾರೆ. "ಕತ್ತಿ ತಗಲಿದರೆ ಕ್ಯಾನ್ಸರ್ ಹರಡುತ್ತದೆ" ಎಂಬ ಹೆದರಿಕೆಯಿಂದ ಬಯಾಪ್ಸಿಗೆ ಒಪ್ಪದೆ ಮನೆಗೆ ಮರಳುವವರು ಗುಜರಾತಿನಲ್ಲಿಯೂ ಇದ್ದಾರೆ, ಕರ್ನಾಟಕದಲ್ಲಿಯೂ ಇದ್ದಾರೆ. ರೋಗ ಹರಡುವುದು ಬಯಾಪ್ಸಿಯಿಂದಲ್ಲ, ಮನೆಯಲ್ಲಿ ಕಳೆದ ತಿಂಗಳುಗಳಿಂದ. ರೋಗವು ದವಡೆಯ ಮೂಳೆಯನ್ನು ಹೊಕ್ಕಿದೆಯೇ, ಕತ್ತಿನ ಗ್ರಂಥಿಗಳಿಗೆ ಇಳಿದಿದೆಯೇ ಎಂಬುದನ್ನು ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರಗಳು ತೋರಿಸುತ್ತವೆ.

ಶಸ್ತ್ರಚಿಕಿತ್ಸೆ

ಕ್ಯಾನ್ಸರ್ ಇನ್ನೂ ತಗಲದ, ನಾರುಗಟ್ಟಿದ ಬಾಯಿಗೆ ಮೊದಲ ಚಿಕಿತ್ಸೆಯೆಂದರೆ ಅಡಿಕೆಯನ್ನು ಸಂಪೂರ್ಣವಾಗಿ ಬಿಡುವುದು. ಆರಂಭದಲ್ಲಿ ಔಷಧ, ಚುಚ್ಚುಮದ್ದು ಮತ್ತು ವ್ಯಾಯಾಮಗಳು ನೆರವಾಗುತ್ತವೆ. ತೆರವು ತೀರಾ ಕಿರಿದಾಗಿದ್ದರೆ ಕೆನ್ನೆಯ ಒಳಗಿನ ನಾರಿನ ಪಟ್ಟಿಗಳನ್ನು ಕತ್ತರಿಸಿ, ತೆರೆದ ಜಾಗಕ್ಕೆ ಕೆನ್ನೆಯ ಕೊಬ್ಬಿನ ಗಡ್ಡೆಯನ್ನೋ ಮೂಗಿನ ಪಕ್ಕದ ಚರ್ಮವನ್ನೋ ಹೊಂದಿಸುತ್ತಾರೆ. ಇಲ್ಲಿ ಅರಿವಳಿಕೆ ತಜ್ಞರ ಕೆಲಸವೇ ಒಂದು ಸಾಹಸ: ಉಸಿರಿನ ನಳಿಕೆಯನ್ನು ಬಾಯಿಯ ಮೂಲಕ ಹಾಕಲಾಗದ ಕಾರಣ, ಅನೇಕ ವೇಳೆ ರೋಗಿ ಎಚ್ಚರವಾಗಿರುವಾಗಲೇ ಎಂಡೋಸ್ಕೋಪಿನ ನೆರವಿನಿಂದ ಮೂಗಿನ ಮೂಲಕ ಇಳಿಸಬೇಕಾಗುತ್ತದೆ. ಶಸ್ತ್ರಚಿಕಿತ್ಸೆಯ ಬಳಿಕ ರೋಗಿಯು ತಿಂಗಳುಗಟ್ಟಲೆ ಪ್ರತಿದಿನ ಬಾಯಿ ತೆರೆಯುವ ವ್ಯಾಯಾಮ ಮಾಡದಿದ್ದರೆ ಬಾಯಿ ಮತ್ತೆ ಮುಚ್ಚಿಕೊಳ್ಳುತ್ತದೆ. ಹಲ್ಲುಗಳ ನಡುವೆ ಐಸ್‌ಕ್ರೀಮಿನ ಮರದ ಕಡ್ಡಿಗಳನ್ನು ಒಂದರ ಮೇಲೊಂದರಂತೆ ಪೇರಿಸಿಟ್ಟು, ಕೆಲವು ದಿನಗಳಿಗೊಮ್ಮೆ ಒಂದೊಂದು ಕಡ್ಡಿಯನ್ನು ಹೆಚ್ಚಿಸುತ್ತಾ ಹೋಗುವುದು ಅಗ್ಗದ, ಆದರೆ ಫಲಕಾರಿಯಾದ ವಿಧಾನ.

ಕ್ಯಾನ್ಸರ್ ಚಿಕ್ಕದಾಗಿರುವಾಗಲೇ ಗೊತ್ತಾದರೆ, ಸುತ್ತಲಿನ ಸುಮಾರು ಒಂದು ಸೆಂಟಿಮೀಟರ್ ಆರೋಗ್ಯಕರ ಅಂಗಾಂಶದೊಡನೆ ಅದನ್ನು ತೆಗೆದುಹಾಕಿದರೆ ಸಾಕಾಗಬಹುದು. ಕತ್ತಿನ ಗ್ರಂಥಿಗಳನ್ನು ಅದೇ ವೇಳೆಗೆ ತೆಗೆಯಬೇಕೇ, ಅಥವಾ ಅಲ್ಲಿ ಗಂಟು ಕಾಣುವವರೆಗೆ ಕಾಯಬೇಕೇ ಎಂಬುದು ವೈದ್ಯಲೋಕದ ಹಳೆಯ ವಿವಾದವಾಗಿತ್ತು. ಇದನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ. ಅದು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲೇ ಗ್ರಂಥಿಗಳನ್ನು ತೆಗೆಸಿಕೊಂಡವರಲ್ಲಿ ಶೇಕಡಾ 80ರಷ್ಟು ಜನ ಮೂರು ವರ್ಷಗಳ ಅನಂತರ ಬದುಕಿದ್ದರು. ಕಾದವರಲ್ಲಿ ಈ ಪ್ರಮಾಣ ಶೇಕಡಾ 67.5 ಆಗಿತ್ತು. ಈಗ ಪ್ರಪಂಚದ ಬೇರೆ ಕಡೆಗಳಲ್ಲಿಯೂ ವೈದ್ಯರು ಈ ಫಲಿತಾಂಶವನ್ನು ಆಧರಿಸುತ್ತಾರೆ.

ತಡವಾಗಿ ಬಂದ ರೋಗಿಯಲ್ಲಿ ಕೆನ್ನೆ, ದವಡೆಯ ಭಾಗ ಮತ್ತು ಕತ್ತಿನ ಗ್ರಂಥಿಗಳನ್ನು ಒಟ್ಟಿಗೆ ತೆಗೆಯಬೇಕಾಗುತ್ತದೆ. ಹಾಗಾದಾಗ ಮುಖವನ್ನು ಮತ್ತೆ ಕಟ್ಟುವುದು ಎರಡನೆಯ ಹಂತ. ಎದೆಯ ಸ್ನಾಯುವನ್ನು ಚರ್ಮ ಸಹಿತ ಮೇಲಕ್ಕೆ ತಿರುಗಿಸಿ ಕೆನ್ನೆಯನ್ನು ತುಂಬುವುದು ಒಂದು ಮಾರ್ಗ. ಮೂಳೆಯೇ ಬೇಕಾದಾಗ ಮೊಣಕಾಲಿನ ಕೆಳಗಿನ ಎರಡು ಮೂಳೆಗಳ ಪೈಕಿ ತೆಳುವಾದುದರ ತುಂಡನ್ನು ರಕ್ತನಾಳಗಳ ಸಮೇತ ತೆಗೆದು, ದವಡೆಯ ಆಕಾರಕ್ಕೆ ಹೊಂದಿಸಿ, ಆ ನಾಳಗಳನ್ನು ಕತ್ತಿನ ನಾಳಗಳಿಗೆ ಸೂಕ್ಷ್ಮದರ್ಶಕದಡಿ ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯುತ್ತಾರೆ. ಇಂಥ ಶಸ್ತ್ರಚಿಕಿತ್ಸೆಗೆ ಇಡೀ ಹಗಲೇ ಹಿಡಿಯುವುದುಂಟು. ಆಮೇಲೆ ಆರೇಳು ವಾರಗಳ ವಿಕಿರಣ ಚಿಕಿತ್ಸೆಯೂ ಬೇಕಾಗಬಹುದು. ಹುಣ್ಣು ಚಿಕ್ಕದಿದ್ದಾಗ ಬಂದಿದ್ದರೆ ಇದರಲ್ಲಿ ಬಹುಪಾಲು ತಪ್ಪುತ್ತಿತ್ತು.

ಧ್ವನಿಪೆಟ್ಟಿಗೆಯ ಕ್ಯಾನ್ಸರಿನ ವಿಷಯದಲ್ಲಿಯೂ ಇದೇ ಮಾತು. ಮೊದಲ ಹಂತದಲ್ಲಿ ಲೇಸರ್ ಇಲ್ಲವೆ ವಿಕಿರಣದಿಂದ ಧ್ವನಿಯನ್ನು ಉಳಿಸಬಹುದು. ಮುಂದುವರಿದ ಹಂತದಲ್ಲಿ ಪೆಟ್ಟಿಗೆಯನ್ನೇ ತೆಗೆದು ಕತ್ತಿನ ಮುಂಭಾಗದಲ್ಲಿ ಉಸಿರಾಟಕ್ಕೆ ರಂಧ್ರ ಮಾಡಬೇಕಾಗುತ್ತದೆ. ಅಂಥವರು ಪುನಃ ಮಾತನಾಡಲು ಶ್ವಾಸನಾಳ ಮತ್ತು ಅನ್ನನಾಳಗಳ ನಡುವೆ ಅಳವಡಿಸುವ ಪುಟ್ಟ ಕವಾಟ ಆಮದಾಗುತ್ತಿದ್ದ ಕಾಲದಲ್ಲಿ ಅದರ ಬೆಲೆ ಸಾವಿರಾರು ರೂಪಾಯಿ. ಬೆಂಗಳೂರಿನ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಅವರು ರೂಪಿಸಿದ 'ಓಂ' ಹೆಸರಿನ ಕವಾಟವನ್ನು ಸುಮಾರು 50 ರೂಪಾಯಿ ವೆಚ್ಚದಲ್ಲಿ ತಯಾರಿಸಲಾಯಿತೆಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ.

ಕಾನೂನು ಮತ್ತು ಸೌಲಭ್ಯಗಳು

ಹೊಗೆಸೊಪ್ಪು ಬೆರೆಸಿದ ಗುಟ್ಕಾವನ್ನು ಗುಜರಾತ್ 2012ರಲ್ಲಿಯೂ ಕರ್ನಾಟಕ 2013ರಲ್ಲಿಯೂ ನಿಷೇಧಿಸಿದವು. ಆದರೆ ಪಾನ್ ಮಸಾಲೆಯ ಪೊಟ್ಟಣ ಒಂದು, ಹೊಗೆಸೊಪ್ಪಿನ ಪೊಟ್ಟಣ ಇನ್ನೊಂದು ಎಂದು ಬೇರೆಬೇರೆಯಾಗಿ ಮಾರಿ, ಗಿರಾಕಿಯೇ ಬೆರೆಸಿಕೊಳ್ಳುವ ಉಪಾಯವನ್ನು ವ್ಯಾಪಾರವು ಬೇಗನೆ ಕಂಡುಕೊಂಡಿತು. ಅಂಗಡಿಯವನ ಕೈಯಲ್ಲೇ ತಯಾರಾಗುವ ಮಾವಾವನ್ನು ತಡೆಯುವುದು ಇನ್ನೂ ಕಷ್ಟ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯಡಿ ಅರ್ಹ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಒಳರೋಗಿ ಚಿಕಿತ್ಸೆ ದೊರೆಯುತ್ತದೆ. ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ಚಿಕಿತ್ಸೆಗಳೂ ಇದರಲ್ಲಿ ಸೇರಿವೆ. ಈ ಸೌಲಭ್ಯವನ್ನು ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲಿಯೂ ಪಡೆಯಲು ಅವಕಾಶ ಕಲ್ಪಿಸಿರುವುದರಿಂದ, ಉದ್ಯೋಗಕ್ಕಾಗಿ ಸೂರತ್ ಅಥವಾ ಅಹಮದಾಬಾದಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಅಲ್ಲಿಯ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು. ಕರ್ನಾಟಕದಲ್ಲಿ 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಬಾಯಿ ಮತ್ತು ಗಂಟಲಿನ ಕ್ಯಾನ್ಸರಿಗೆ ಚಿಕಿತ್ಸೆ ನೀಡುತ್ತದೆ. ಶ್ರವಣ ಮತ್ತು ಧ್ವನಿಯ ತೊಂದರೆಗಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಸಂಪರ್ಕಿಸಬಹುದು. ಹೊಗೆಸೊಪ್ಪಿನ ಅಭ್ಯಾಸವನ್ನು ಬಿಡಬಯಸುವವರಿಗೆ 1800-11-2356 ಸಂಖ್ಯೆಯಲ್ಲಿ ಉಚಿತ ದೂರವಾಣಿ ಸಲಹೆ ಲಭ್ಯವಿದೆ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲಿಯೂ ಮಾತನಾಡಬಹುದು.