ಗಿಡ್ಡ ಕಾವಿನ ಗುದ್ದಲಿ: ಅಮೆರಿಕದ ವಲಸೆ ಕೃಷಿ ಕಾರ್ಮಿಕರು

ಗುದ್ದಲಿ ನಮಗೆಲ್ಲ ಪರಿಚಿತವಾದ ಉಪಕರಣ. ಅದರ ಕಾವು ಎಷ್ಟು ಉದ್ದವಿರಬೇಕೆಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದೀತೆಂದು ನೀವು ಊಹಿಸಿರಲಾರಿರಿ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಹಾಗಾಯಿತು.

ಅಲ್ಲಿ ಲೆಟ್ಯೂಸ್ ಎಂಬ ಸೊಪ್ಪನ್ನೂ ಸಕ್ಕರೆ ಬೀಟನ್ನೂ ಒತ್ತಾಗಿ ಬಿತ್ತಿ, ಮೊಳೆತ ಮೇಲೆ ಹೆಚ್ಚಿನ ಸಸಿಗಳನ್ನು ತೆಗೆದು ಅಂತರ ಕೊಡುತ್ತಿದ್ದರು. ಇದಕ್ಕಾಗಿ ಕೂಲಿಗಳಿಗೆ ಕೊಡುತ್ತಿದ್ದ ಗುದ್ದಲಿಯ ಕಾವು ಒಂದೆರಡು ಅಡಿ ಮಾತ್ರ. ಹಗಲಿಡೀ ಸೊಂಟ ಬಗ್ಗಿಸಿಯೇ ಸಾಲಿನುದ್ದಕ್ಕೂ ಸಾಗಬೇಕು. ಸಸಿಗೆ ಹತ್ತಿರವಿದ್ದರೆ ಕೆಲಸ ಅಚ್ಚುಕಟ್ಟಾಗುತ್ತದೆ ಎಂದು ಮಾಲೀಕರು ವಾದಿಸುತ್ತಿದ್ದರು. ಮೇಸ್ತ್ರಿಗೆ ಇನ್ನೊಂದು ಅನುಕೂಲವೂ ಇತ್ತು: ಯಾರಾದರೂ ನೆಟ್ಟಗೆ ನಿಂತರೆ ದೂರದಿಂದಲೇ ಕಾಣುತ್ತಿತ್ತು. ಬೆನ್ನುಮೂಳೆ ಕೆಟ್ಟು ದುಡಿಮೆಗೇ ಎರವಾದವರು ಅನೇಕರು. ಹಾಗಾದರೆ ಅವರೇಕೆ ಒಲ್ಲೆನೆನ್ನಲಿಲ್ಲ?

ಉತ್ತರ ಅವರ ವಲಸೆಯಲ್ಲೇ ಇದೆ. ಹಣ್ಣು ತರಕಾರಿಯ ದೊಡ್ಡ ತೋಟಗಳಿಗೆ ಕೊಯ್ಲಿನ ಕೆಲವು ವಾರ ನೂರಾರು ಆಳುಗಳು ಬೇಕು, ಉಳಿದ ತಿಂಗಳು ಬೇಡ. ಆದ್ದರಿಂದ ಕೂಲಿಗಾರ ಬೆಳೆಯ ಬೆನ್ನುಹತ್ತಿ ಊರಿಂದೂರಿಗೆ ಹೋಗಬೇಕಾಗುತ್ತಿತ್ತು. ಶತಮಾನದ ಆರಂಭದಲ್ಲಿ ಜಪಾನೀಯರು ಮತ್ತು ನಮ್ಮ ಪಂಜಾಬಿನವರು, ಬಳಿಕ ಮೆಕ್ಸಿಕೋ, ಫಿಲಿಪೈನ್ಸ್ ದೇಶದವರು ಹೀಗೆ ದುಡಿದರು. 1930ರ ದಶಕದ ಬರ ಮತ್ತು ಧೂಳಿನ ಬಿರುಗಾಳಿಯಿಂದ ನೆಲೆ ಕಳೆದುಕೊಂಡ ಒಕ್ಲಹೋಮದ ರೈತರೂ ಅವರನ್ನು ಸೇರಿಕೊಂಡರು. ಅಂಥ ಸಮಯದಲ್ಲೇ, 1935ರಲ್ಲಿ, ಸಂಘ ಕಟ್ಟುವ ಹಕ್ಕಿಗೆ ರಕ್ಷಣೆ ಕೊಟ್ಟ ಕೇಂದ್ರ ಶಾಸನ ಕೃಷಿ ಕಾರ್ಮಿಕರನ್ನು ಸ್ಪಷ್ಟವಾಗಿ ಹೊರಗಿಟ್ಟಿತು.

ಎರಡನೆಯ ಮಹಾಯುದ್ಧದಲ್ಲಿ ಆಳುಗಳ ಅಭಾವ ತಲೆದೋರಿದಾಗ, 1942ರಲ್ಲಿ, ಅಮೆರಿಕವು ಮೆಕ್ಸಿಕೋದೊಂದಿಗೆ ಒಪ್ಪಂದ ಮಾಡಿಕೊಂಡಿತು. ಹೀಗೆ ಬಂದವರಿಗೆ ಬ್ರಸೆರೊ ಎಂದು ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ ತೋಳು ಎಂಬರ್ಥದ ಪದದಿಂದ ಬಂದದ್ದು. ಯುದ್ಧ ಮುಗಿದರೂ ಯೋಜನೆ ಮುಗಿಯಲಿಲ್ಲ. 22 ವರ್ಷಗಳಲ್ಲಿ ಸುಮಾರು 46 ಲಕ್ಷ ಕರಾರುಗಳಾದವು. ಒಬ್ಬನೇ ಹಲವು ಸಲ ಬಂದದ್ದೂ ಈ ಲೆಕ್ಕದಲ್ಲಿ ಸೇರಿದೆ. ಕರಾರಿನಲ್ಲಿ ವಸತಿ, ನಿಗದಿತ ಕೂಲಿ, ಮರುಪ್ರಯಾಣದ ವೆಚ್ಚ ಎಲ್ಲವೂ ಇದ್ದವು. ಆದರೆ ಗಡಿಯ ಕೇಂದ್ರಗಳಲ್ಲಿ ಸಾಲಾಗಿ ನಿಲ್ಲಿಸಿ ಮೈಮೇಲೆ ಡಿ.ಡಿ.ಟಿ. ಪುಡಿ ಎರಚುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಕೂಲಿಗಾರ ಕರಾರಿನ ಮಾಲೀಕನನ್ನು ಬಿಟ್ಟು ಬೇರೆಡೆ ದುಡಿಯುವಂತಿರಲಿಲ್ಲ. ದೂರು ಹೇಳಿದವನು ಊರಿಗೆ ಮರಳಬೇಕಾಗುವ ಭಯ. ಸ್ಥಳೀಯರು ಹೆಚ್ಚು ಕೂಲಿ ಕೇಳಿದರೆ, ಕಡಿಮೆಗೆ ದುಡಿಯುವವರು ಗಡಿಯಾಚೆ ಸಿದ್ಧರಿದ್ದರು. ಗಿಡ್ಡ ಗುದ್ದಲಿ ಉಳಿದುಕೊಂಡದ್ದು ಹೀಗೆ.

ನಮ್ಮ ಮಾಧ್ಯಮದ ಪಾತ್ರವನ್ನೂ ಇಲ್ಲಿ ಹೇಳಬೇಕು. ಅಮೆರಿಕನ್ನರು ಕೃತಜ್ಞತಾ ದಿನದ ಔತಣ ಉಂಡ ಮರುದಿನ, 1960ರ ನವೆಂಬರ್ 25ರಂದು, 'ಹಾರ್ವೆಸ್ಟ್ ಆಫ್ ಶೇಮ್' ಎಂಬ ಟೆಲಿವಿಷನ್ ಸಾಕ್ಷ್ಯಚಿತ್ರ ಪ್ರಸಾರವಾಯಿತು. ತಟ್ಟೆಗೆ ಬಂದ ಆಹಾರವನ್ನು ಕೊಯ್ದವರ ಬದುಕನ್ನು ಅನೇಕರು ಮೊದಲ ಬಾರಿಗೆ ಕಂಡರು.

1964ರ ಕೊನೆಗೆ ಬ್ರಸೆರೊ ಯೋಜನೆ ರದ್ದಾಯಿತು. ಮರುವರ್ಷವೇ, ಸೆಪ್ಟೆಂಬರ್ 8ರಂದು, ಡೆಲಾನೊ ಪಟ್ಟಣದ ದ್ರಾಕ್ಷಿ ತೋಟಗಳಲ್ಲಿ ಮುಷ್ಕರ ಹೂಡಲಾಯಿತು. ಮೊದಲು ಕೆಲಸ ಬಿಟ್ಟವರು ಲ್ಯಾರಿ ಇಟ್ಲಿಯಾಂಗ್ ನಾಯಕತ್ವದ ಫಿಲಿಪಿನೊ ಕಾರ್ಮಿಕರು. ಇದು ಬಹುಪಾಲು ಮರೆತೇಹೋಗಿದೆ. ಕೆಲವೇ ದಿನಗಳಲ್ಲಿ ಸೀಸರ್ ಚಾವೆಜ್ ಅವರ ಸಂಘದ ಮೆಕ್ಸಿಕನ್ ಮೂಲದವರೂ ಜೊತೆಗೂಡಿದರು. ಗಾಂಧೀಜಿಯವರಿಂದ ಪ್ರಭಾವಿತರಾಗಿದ್ದ ಚಾವೆಜ್, ಮುಷ್ಕರ ಅಹಿಂಸೆಯ ದಾರಿ ಬಿಡಬಾರದೆಂದು 1968ರಲ್ಲಿ 25 ದಿನ ಉಪವಾಸ ಕುಳಿತರು.

ತೋಟದಲ್ಲಿ ಮಾತ್ರ ಹೋರಾಡಿ ಗೆಲ್ಲುವುದು ಕಷ್ಟವಾದಾಗ, ಕಾರ್ಮಿಕರು ನಗರಗಳಿಗೆ ಹೋಗಿ ದ್ರಾಕ್ಷಿ ಕೊಳ್ಳಬೇಡಿರೆಂದು ಕೇಳಿಕೊಂಡರು. ಅದನ್ನು ಮಾರುವ ಅಂಗಡಿಗಳನ್ನೂ ಬಹಿಷ್ಕರಿಸಿದರು. ಬೇರೆ ಸಂಘಗಳು ಹೀಗೆ ಮೂರನೆಯವರ ಅಂಗಡಿಯ ಮೇಲೆ ಒತ್ತಡ ಹೇರುವುದನ್ನು 1947ರ ಕಾನೂನು ನಿಷೇಧಿಸಿತ್ತು. ಆದರೆ ಕೃಷಿ ಕಾರ್ಮಿಕರು 1935ರ ಶಾಸನದಿಂದಲೇ ಹೊರಗಿದ್ದುದರಿಂದ ಆ ನಿಷೇಧ ಅವರಿಗೆ ತಟ್ಟಲಿಲ್ಲ! ಹೊರಗಿಟ್ಟ ಬಾಗಿಲೇ ಅವರಿಗೆ ದಾರಿಯಾಯಿತು. 1970ರ ಜುಲೈನಲ್ಲಿ ಡೆಲಾನೊದ ಮಾಲೀಕರು ಸಂಘದೊಡನೆ ಕರಾರಿಗೆ ಸಹಿ ಹಾಕಿದರು.

ಈ ವೇಳೆಗೆ ಗುದ್ದಲಿಯ ವಿಷಯವೂ ವಕೀಲರ ಕೈ ಸೇರಿತ್ತು. ಬೆನ್ನುಮೂಳೆಗೆ ಆಗುವ ಹಾನಿಯನ್ನು ವೈದ್ಯರು ವಿವರಿಸಿದರು. ಉಪಕರಣ ಮುರಿದಿದ್ದರೆ ಮಾತ್ರ ಅದು ಅಪಾಯಕರ ಎಂಬ ಸರ್ಕಾರಿ ವಿಭಾಗದ ವಾದವನ್ನು 1975ರ ಜನವರಿಯಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಅದೇ ವರ್ಷ ಗಿಡ್ಡ ಗುದ್ದಲಿ ನಿಷೇಧವಾಯಿತು. ಉದ್ದ ಕಾವಿನ ಗುದ್ದಲಿಯಿಂದಲೂ ಲೆಟ್ಯೂಸ್ ಚೆನ್ನಾಗಿಯೇ ಬೆಳೆಯಿತು. ಸಂಘದ ಆಯ್ಕೆಗೆ ಮತ ಹಾಕುವ ಹಕ್ಕನ್ನು ಕೃಷಿ ಕಾರ್ಮಿಕರಿಗೆ ಕೊಟ್ಟ ಕ್ಯಾಲಿಫೋರ್ನಿಯದ ಶಾಸನವೂ 1975ರದ್ದೇ.

ಕೇಂದ್ರದ 1935ರ ಶಾಸನ ಮಾತ್ರ ಇಂದಿಗೂ ಅವರನ್ನು ಒಳಗೆ ಸೇರಿಸಿಕೊಂಡಿಲ್ಲ. ಎಚ್-2ಎ ಎಂಬ ವೀಸಾದ ಮೇಲೆ ಈಗ ಅಲ್ಲಿಗೆ ಹಂಗಾಮಿ ಕೆಲಸಕ್ಕೆ ಹೋಗುವವರೂ ಸಾಮಾನ್ಯವಾಗಿ ತಮ್ಮನ್ನು ಕರೆಸಿಕೊಂಡ ಮಾಲೀಕನಲ್ಲಿಯೇ ದುಡಿಯಬೇಕು.