ಅಂಗಡಿಯ ಅಕ್ವೇರಿಯಂಗೆ ಯಾವ ಫಿಲ್ಟರ್? ಮೇನ್ ಸ್ವಿಚ್ ಆಫ್ ಮಾಡುವ ಮುನ್ನ ಓದಿ

ರಾತ್ರಿ ಷಟರ್ ಎಳೆಯುವ ಮೊದಲು ಮೇನ್ ಸ್ವಿಚ್ ಆಫ್ ಮಾಡುವುದು ಹಲವು ವ್ಯಾಪಾರಿಗಳ ರೂಢಿ. ಗಲ್ಲಾಪೆಟ್ಟಿಗೆ ಪಕ್ಕ ಗಿಡ ನೆಟ್ಟ ಪುಟ್ಟ ಅಕ್ವೇರಿಯಂ ಇದ್ದರೆ, ಅದರ ಫಿಲ್ಟರ್ ಕೂಡ ಅಲ್ಲಿಗೇ ಬಂದ್. ಬೆಳಗ್ಗೆ ಬಂದು ನೋಡಿದರೆ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತಿರುತ್ತವೆ. ಒಂದೆರಡು ಸತ್ತು ತೇಲುವುದೂ ಉಂಟು.

‘ಒಳಗೆ ಗಿಡ ಇದೆಯಲ್ಲ, ಗಾಳಿ ಸಿಗುತ್ತೆ ಬಿಡಿ’ ಎನ್ನುವುದು ಅರ್ಧ ಸತ್ಯ. ಬೆಳಕಿದ್ದಾಗ ಗಿಡ ಆಮ್ಲಜನಕ ಬಿಡುತ್ತದೆ. ಕತ್ತಲಾದರೆ ಮೀನಿನ ಹಾಗೆ ಅದೂ ಆಮ್ಲಜನಕ ಬಳಸುತ್ತದೆ. ಅಂದರೆ ಫಿಲ್ಟರ್ ಹೆಚ್ಚು ಬೇಕಾಗುವುದೇ ರಾತ್ರಿ. ಆದ್ದರಿಂದ ಕೊಳ್ಳುವಾಗ ರೇಟಿಗಿಂತ ಮೊದಲು ನೋಡಬೇಕಾದ್ದು ಎರಡು: 24 ಗಂಟೆ ಓಡಿಸಲು ಆಗುತ್ತಾ? ಕರೆಂಟ್ ಹೋದರೆ ಏನು ಗತಿ?

ಕಾಣದ ಕೆಲಸವೇ ದೊಡ್ಡದು

ಫಿಲ್ಟರ್ ಕಸ ಹಿಡಿಯುವುದು ಕಣ್ಣಿಗೆ ಕಾಣುತ್ತದೆ. ಅದರ ಮುಖ್ಯ ಕೆಲಸ ಕಾಣುವುದಿಲ್ಲ. ಮೀನಿನ ಹಿಕ್ಕೆ, ತಿಂದು ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಇದು ಮೀನಿಗೆ ವಿಷ. ಫಿಲ್ಟರಿನ ಸ್ಪಾಂಜಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೈಟ್ ಕೂಡ ವಿಷವೇ. ನೈಟ್ರೇಟಿನ ಅಪಾಯ ಕಡಿಮೆ, ಗಿಡಕ್ಕೆ ಅದು ಗೊಬ್ಬರ. ಈ ಬ್ಯಾಕ್ಟೀರಿಯಾಕ್ಕೂ ಆಮ್ಲಜನಕ ಬೇಕು. ನೀರು ಓಡಾಡದೆ ಗಂಟೆಗಟ್ಟಲೆ ನಿಂತರೆ ಅವೂ ಸಾಯತೊಡಗುತ್ತವೆ.

ಯಾವುದು ಹೇಗೆ?

ಸ್ಪಾಂಜ್ ಫಿಲ್ಟರ್: ಏರ್ ಪಂಪಿನ ಗಾಳಿಯಿಂದ ನಡೆಯುತ್ತದೆ. ಅಗ್ಗ, ನೀರಿನ ಸೆಳೆತ ಕಡಿಮೆ. ಗಪ್ಪಿ ಮರಿ, ಸೀಗಡಿ ಒಳಗೆ ಸಿಕ್ಕಿಕೊಳ್ಳುವುದಿಲ್ಲ. ಗುಳ್ಳೆಯ ಸದ್ದು ಇರುತ್ತದೆ, ತೊಟ್ಟಿಯೊಳಗೆ ಸ್ವಲ್ಪ ಜಾಗ ತಿನ್ನುತ್ತದೆ. ಗಿಡಕ್ಕೆಂದು ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡ್ ಬಿಡುವವರಿಗೆ ಇದು ಬೇಡ. ಗುಳ್ಳೆಗಳು ಆ ಅನಿಲವನ್ನು ಹೊರಹಾಕುತ್ತವೆ.

ಹಿಂಬದಿಗೆ ತೂಗುಹಾಕುವ ಫಿಲ್ಟರ್: ನೀರು ತಿಳಿಯಾಗಿರುತ್ತದೆ, ತೊಳೆಯುವುದು ಸುಲಭ. ಆದರೆ ಕೆಲವು ಮಾದರಿಗಳು ಕರೆಂಟ್ ಹೋಗಿ ಬಂದಾಗ ನೀರೆಳೆಯದೆ ಒಣಗಿ ಓಡಿ ಮೋಟಾರ್ ಸುಟ್ಟುಕೊಳ್ಳುತ್ತವೆ.

ಒಳಗೆ ಮುಳುಗಿಸುವ ಮೋಟಾರ್ ಫಿಲ್ಟರ್: ಶಕ್ತಿ ಜಾಸ್ತಿ. ಸಣ್ಣ ತೊಟ್ಟಿಯಲ್ಲಿ ರಭಸಕ್ಕೆ ಎಳೆ ಗಿಡ ಕಿತ್ತು ಬರಬಹುದು, ಫೈಟರ್ ಮೀನು ಸುಸ್ತಾಗುತ್ತದೆ.

ಜಲ್ಲಿಯಡಿ ಹಾಕುವ ತಟ್ಟೆ ಫಿಲ್ಟರ್: ಬೇರು ಹೋಗಿ ಕಟ್ಟಿಕೊಳ್ಳುತ್ತದೆ. ಗಿಡದ ತೊಟ್ಟಿಗೆ ಬೇಡ.

ಮೋಟಾರ್ ಫಿಲ್ಟರೇ ಬೇಕೆಂದರೆ ಲೆಕ್ಕ ಹೀಗಿದೆ: 2 ಅಡಿ ಉದ್ದ, ತಲಾ 1 ಅಡಿ ಅಗಲ-ಎತ್ತರದ ತೊಟ್ಟಿ ತುಂಬಿದರೆ ಸುಮಾರು 56 ಲೀಟರ್. ಮರಳು, ಕಲ್ಲು ಕಳೆದರೆ 45 ಲೀಟರ್ ಹಿಡಿಯಬಹುದು. ಗಂಟೆಗೆ ನೀರು ನಾಲ್ಕೈದು ಸುತ್ತು ಹೋದರೆ ಸಾಕು. ಪ್ಯಾಕೆಟ್ ಮೇಲೆ ಗಂಟೆಗೆ 200-250 ಲೀಟರ್ ಎಂದಿರುವುದು ಸಾಲುತ್ತದೆ.

ಕರೆಂಟಿನ ಲೆಕ್ಕ

ನಾಲ್ಕಾರು ಸಣ್ಣ ಮೀನು, ಜಾವಾ ಮಾಸ್, ಅನುಬಿಯಾಸ್‌ನಂಥ ಗಿಡ ಇರುವ ಅಂಗಡಿ ತೊಟ್ಟಿಗೆ ಸ್ಪಾಂಜ್ ಫಿಲ್ಟರೇ ವಾಸಿ. 5 ವ್ಯಾಟಿನ ಏರ್ ಪಂಪ್ ತಿಂಗಳಿಡೀ ನಿಲ್ಲದೆ ಓಡಿದರೂ 3.6 ಯೂನಿಟ್ ಅಷ್ಟೇ. ಎಲೆಕ್ಟ್ರಿಷಿಯನ್‌ಗೆ ಹೇಳಿ ಅದೊಂದಕ್ಕೆ ಬೇರೆ ಲೈನ್ ಮಾಡಿಸಿದರೆ ಉಳಿದದ್ದನ್ನೆಲ್ಲ ರಾತ್ರಿ ಆಫ್ ಮಾಡಬಹುದು. ಲೋಡ್‌ಶೆಡ್ಡಿಂಗಿಗೆ ಬ್ಯಾಟರಿ ಏರ್ ಪಂಪ್ ಸಿಗುತ್ತದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಬೇಕು, ಇಲ್ಲವೇ ಪೈಪಿಗೆ ನೀರು ಹಿಂದೆ ಬಾರದಂತೆ ತಡೆಯುವ ವಾಲ್ವ್ ಹಾಕಬೇಕು. ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಪಂಪಿಗೇ ಇಳಿಯುತ್ತದೆ.

ನಲ್ಲಿ ನೀರಲ್ಲಿ ತೊಳೆಯಬೇಡಿ

ಸ್ಪಾಂಜನ್ನು ನಲ್ಲಿ ಕೆಳಗೆ ಹಿಡಿದು ಫಳಫಳ ತೊಳೆದರೆ ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರನ್ನೇ ಬಕೆಟ್ಟಿಗೆ ಹಾಕಿ, ಅದರಲ್ಲಿ ಎರಡು ಸಲ ಹಿಂಡಿದರೆ ಸಾಕು. ಹೊಸ ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ತಂದ ದಿನವೇ ಮೀನು ಬಿಟ್ಟರೆ ಎಂಥ ದುಬಾರಿ ಫಿಲ್ಟರೂ ಕಾಪಾಡಲಾರದು.